ವೈಯೆತ್‌ನ ‘ಕ್ರಿಸ್ಟೀನಾಸ್ ವರ್ಲ್ಡ್’: ಆ ಹುಲ್ಲನ್ನು ಹೇಗೆ ನೋಡೋದು, ಹೇಗೆ ಬರೆಯೋದು?

ಕುಂಚಮಿತ್ರ
ಅಮೆರಿಕದ ಚಿತ್ರಕಾರ ಆಂಡ್ರೂ ವೈಯೆತ್ 1948ರಲ್ಲಿ ಬರೆದ ‘ಕ್ರಿಸ್ಟೀನಾಸ್ ವರ್ಲ್ಡ್’ ಚಿತ್ರದ ಬಗ್ಗೆ ಎರಡು ಪ್ರಶ್ನೆ ಇದೆ, ತಿಳಿದವರು ಹೇಳಿ.

ಒಂದು, ನೋಡೋ ವಿಚಾರ. ಫೋನಿನಲ್ಲಿ ನೋಡಿದರೆ ಚೆನ್ನಾಗಿ ತೆಗೆದ ಫೋಟೋ ಥರಾನೇ ಇದೆ. ಒಣಹುಲ್ಲಿನ ಇಳಿಜಾರು, ಗುಲಾಬಿ ಬಟ್ಟೆ ತೊಟ್ಟು ನಮಗೆ ಬೆನ್ನು ಹಾಕಿ ನೆಲದ ಮೇಲೆ ಕೂತ ಹೆಂಗಸು, ಮೇಲ್ತುದಿಯಲ್ಲಿ ಬೂದುಬಣ್ಣದ ಮನೆ. ಇದರಲ್ಲಿ ಚಿತ್ರಕಾರನ ಕೆಲಸ ಎಲ್ಲಿ ಶುರುವಾಗುತ್ತೆ?

ಎರಡು, ಮಾಡೋ ವಿಚಾರ. ಆ ಹುಲ್ಲಿನ ಅಂಗೈಯಗಲದ ಭಾಗವನ್ನು ಅಭ್ಯಾಸಕ್ಕೆ ಅಂತ ಮೊಟ್ಟೆ ಟೆಂಪೆರಾದಲ್ಲಿ ಹಾಕ್ತಿದೀನಿ. ಅಂಗಡಿ ಕ್ಯಾನ್ವಾಸ್ ಬೋರ್ಡು, ಅದಕ್ಕೆ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೂ ಮೊದಲು ಬಳಿಯೋ ಬಿಳಿ ತಳ) ಎರಡು ಕೋಟು, ಮೇಲೆ ಪುಡಿಬಣ್ಣ ಮತ್ತು ಮೊಟ್ಟೆಯ ಹಳದಿ. ಮೂರು ಪದರದವರೆಗೆ ಸರಿ. ನಾಲ್ಕನೇದಕ್ಕೆ ಕೆಳಗಿನ ಬಣ್ಣ ಕುಂಚದ ಜೊತೆ ಎದ್ದು ಬರುತ್ತೆ. ಒಣಗಿದ ಕಡೆ ಬೆರಳು ಸವರಿದರೆ ಪುಡಿ ಹತ್ತುತ್ತೆ. ತಪ್ಪು ಎಲ್ಲಿದೆ?

ಸುಣ್ಣಬಣ್ಣ
ಎರಡನೇದಕ್ಕೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಅದು ಸ್ಪಷ್ಟವಾಗಿದೆ. ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಎದ್ದು ಬರೋದು ತಳದ ತಪ್ಪು. ಅಕ್ರಿಲಿಕ್ ಜೆಸ್ಸೊ ಅಂದ್ರೆ ಪ್ಲಾಸ್ಟಿಕ್ ಪದರ. ಅದು ನೀರು ಹೀರೋದು ಕಡಿಮೆ. ಮೊಟ್ಟೆ ಟೆಂಪೆರಾಗೆ ಬೇಕಾಗಿರೋದು ಹೀರುವ ತಳ. ಕುಂಚ ತಾಗಿದ ಕೂಡಲೇ ನೀರು ಕೆಳಗಿಳಿದು ಬಣ್ಣ ಅಲ್ಲೇ ಕೂರಬೇಕು. ನೀರು ಮೇಲೇ ನಿಂತರೆ ಮುಂದಿನ ಗೆರೆ ಹಿಂದಿನದನ್ನು ಕರಗಿಸಿಬಿಡುತ್ತೆ.

ಪುಡಿ ಹತ್ತೋದು ಮೊಟ್ಟೆಯ ಹಳದಿ ಸಾಲದ್ದಕ್ಕೆ. ಬಹುಶಃ ಬಣ್ಣ ತೆಳ್ಳಗೆ ಬೇಕು ಅಂತ ನೀರು ಸುರಿದಿದ್ದೀರಿ, ಹಳದಿ ಹಾಕಿಲ್ಲ.

ಇನ್ನೊಂದು ಮಾತು. ಕ್ಯಾನ್ವಾಸ್ ಬೋರ್ಡು ಸ್ವಲ್ಪ ಬಾಗುತ್ತೆ. ಟೆಂಪೆರಾ ಒಣಗಿ ಗಟ್ಟಿಯಾದ ಮೇಲೆ ಬಾಗೋದಿಲ್ಲ, ಬಿರುಕು ಬಿಡುತ್ತೆ. ವೈಯೆತ್ ಬಳಸಿದ್ದು ಜೆಸ್ಸೊ ಬಳಿದ ಹಲಗೆ.

ನೀಲಿಶಾಯಿ
ಜೆಸ್ಸೊ ಡಬ್ಬಿ ಮೇಲೆ ‘ಟೆಂಪೆರಾಗೂ ಸೂಕ್ತ’ ಅಂತಲೇ ಬರೆದಿರುತ್ತಲ್ಲ?

ಸುಣ್ಣಬಣ್ಣ
ಅಲ್ಲೇ ಬಹಳ ಜನ ಮೋಸ ಹೋಗೋದು. ಶಾಲಾ ಮಕ್ಕಳ ಪೋಸ್ಟರ್ ಬಣ್ಣದ ಬಾಟಲಿ ಮೇಲೂ ‘ಟೆಂಪೆರಾ’ ಅಂತಿರುತ್ತೆ. ಅದಕ್ಕೂ ಮೊಟ್ಟೆಗೂ ಸಂಬಂಧ ಇಲ್ಲ. ಡಬ್ಬಿ ಮೇಲಿನ ಮಾತು ಆ ಬಣ್ಣದ್ದಿರಬಹುದು.

ಮಾಳಮಡ್ಡಿ
ನಾ ಮೊದಲನೇ ಪ್ರಶ್ನೆಗೆ ಹೇಳ್ತೀನ್ರೀ. ‘ಫೋಟೋ ಹಂಗ ಅದ’ ಅಂತ ಎಲ್ಲಾರೂ ಅಂತಾರ. ಆದ್ರ ಆ ಜಾಗದಾಗ ನಿಂತು ಫೋಟೋ ತಗದ್ರ ಈ ಚಿತ್ರ ಸಿಗೂದಿಲ್ಲ. ಅಮೆರಿಕದ ಮೇನ್ ರಾಜ್ಯದ ಕುಶಿಂಗ್ ಊರಾಗ ಚಿತ್ರದಾಗಿನ ಆ ಓಲ್ಸನ್ ಮನಿ ಈಗೂ ಅದ. ಆ ಹೊಲ ಚಿತ್ರದಾಗಿನಷ್ಟು ಇಳಿಜಾರ ಇಲ್ಲ. ಮನಿ, ಕೊಟ್ಟಿಗಿ ಎರಡನ್ನೂ ವೈಯೆತ್ ತನಗ ಬೇಕಾದಂಗ ಸರಿಸ್ಯಾನ. ಆಕಿ ಮತ್ತು ಮನಿ ನಡುವಿನ ದೂರ ಹಿಗ್ಗಿಸ್ಯಾನ.

ಆ ಹೆಣ್ಣುಮಗಳೂ ಒಬ್ಬಾಕಿ ಅಲ್ಲ. ಕ್ರಿಸ್ಟೀನಾ ಓಲ್ಸನ್‌ಗೆ ಆವಾಗ 55 ವರ್ಷ. ಕಾಲು ಬರ್ತಿದ್ದಿಲ್ಲ, ಗಾಲಿಕುರ್ಚಿ ಬ್ಯಾಡಂತ ತೆವಳಕೋತನ ಓಡಾಡ್ತಿದ್ಲು. ಆ ಸಣಕಲು ತೋಳು ಆಕಿದು. ಮೈ ಮಾತ್ರ ವೈಯೆತ್‌ನ ಹೆಂಡತಿ ಬೆಟ್ಸಿದು, ಆಕಿಗೆ ಆವಾಗ 26. ಅದಕ್ಕ ನೋಡಿದ ಕೂಡಲೇ ಹರೇದ ಹುಡುಗಿ ಅನಸ್ತದ, ಆಮ್ಯಾಲ ಕೈ ನೋಡಿದ್ರ ಎದಿ ಝಲ್ ಅಂತದ. ಇದನ್ನ ಯಾವ ಕ್ಯಾಮೆರಾ ಮಾಡ್ತದ ಹೇಳ್ರಿ?

ರೇಖಾಗಣಿತ
ಮಾಳಮಡ್ಡಿಯವರು ಹೇಳಿದ್ದು ಸರಿ. ರಚನೆ ಬಗ್ಗೆ ಸೇರಿಸ್ತೀನಿ. ಚಿತ್ರದ ಅಳತೆ ಸುಮಾರು 82 × 121 ಸೆಂ.ಮೀ. ದಿಗಂತದ ಗೆರೆ ಬಹಳ ಮೇಲಿದೆ, ಆಕಾಶಕ್ಕೆ ಒಂದು ಪಟ್ಟಿ ಮಾತ್ರ. ಉಳಿದದ್ದೆಲ್ಲ ಹುಲ್ಲು. ಎಡಗಡೆ ಕೆಳಗೆ ಹೆಂಗಸು, ಬಲಗಡೆ ಮೇಲೆ ಮನೆ. ಕಣ್ಣು ಓರೆಯಾಗಿ ಹತ್ತಲೇಬೇಕು, ಹತ್ತುವಾಗ ದಾಟೋದಕ್ಕೆ ಹುಲ್ಲು ಬಿಟ್ಟು ಬೇರೇನೂ ಇಲ್ಲ. ಮರ ಇಲ್ಲ, ಬೇಲಿ ಇಲ್ಲ, ನೆರಳಿನ ಮೋಡ ಇಲ್ಲ. ಬಲಕ್ಕೆ ಮನೆ ಕಡೆ ಹೋಗೋ ಗಾಡಿಜಾಡು ಇದೆ, ಅವಳು ಅದರ ಮೇಲಿಲ್ಲ.

ಫೋನಿನಲ್ಲಿ ನೋಡುವಾಗ ಒಂದು ಪ್ರಯೋಗ ಮಾಡಿ. ಹೆಬ್ಬೆರಳಿನಿಂದ ಹೆಂಗಸನ್ನು ಮುಚ್ಚಿ. ಬರೀ ಹೊಲ ಉಳಿಯುತ್ತೆ. ಈಗ ಅವಳನ್ನು ಬಿಟ್ಟು ಮನೆ ಮುಚ್ಚಿ. ಅವಳು ಸುಮ್ಮನೆ ವಿಶ್ರಾಂತಿಗೆ ಕೂತ ಹಾಗೆ ಆಗುತ್ತೆ. ಎರಡೂ ಇದ್ದಾಗ ಮಾತ್ರ ನಡುವಿನ ಹುಲ್ಲು ದೂರವಾಗುತ್ತೆ.

ಕುಂಚಮಿತ್ರ
ಮುಚ್ಚಿ ನೋಡಿದೆ. ನಿಜಕ್ಕೂ ಹಾಗೇ ಆಗುತ್ತೆ! ಕೊಟ್ಟಿಗೆ ಹತ್ತಿರ ಹಕ್ಕಿಗಳು ಇರೋದು ಈಗ ಕಾಣಿಸ್ತು. ಮನೆಗೆ ಏಣಿ ಒರಗಿಸಿದ್ದೂ.

ಹಳೇಸೇತುವೆ
ನನ್ನ ಭಿನ್ನಮತ ಇದೆ. ವೈಯೆತ್ ಕೈಚಳಕ ಒಪ್ಪಿದೆ. ಆದರೆ ಇದು ಪುಸ್ತಕಕ್ಕೆ ಬರೆದ ಚಿತ್ರದ ಹಾಗೇ ತಾನೆ? ಒಂದು ಕಥೆ, ಒಂದು ಕರುಣೆ, ಮುಗಿಯಿತು. ಅಪ್ಪ ಎನ್.ಸಿ. ವೈಯೆತ್ ಕಥೆಪುಸ್ತಕಗಳಿಗೆ ಬಣ್ಣದ ಚಿತ್ರ ಬರೆದು ಹೆಸರಾದವರು, ಮಗ ಕಲಿತದ್ದೂ ಅವರ ಹತ್ತಿರವೇ. ಅದೇ 1948ರಲ್ಲಿ ಜಾಕ್ಸನ್ ಪೊಲಾಕ್ ಬಣ್ಣ ಎರಚಿ ‘ನಂಬರ್ 1ಎ’ ಮಾಡ್ತಿದ್ದ. ಕಲೆ ಎತ್ತ ಹೋಗ್ತಿತ್ತು, ಇವನು ಎತ್ತ ನೋಡ್ತಿದ್ದ!

ರೇಖಾಗಣಿತ
ಆ ಎರಡೂ ಚಿತ್ರ ಇರೋದು ನ್ಯೂಯಾರ್ಕಿನ ಒಂದೇ ಮ್ಯೂಸಿಯಂನಲ್ಲಿ, ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ. ವೈಯೆತ್ ಚಿತ್ರವನ್ನು ಅವರು 1949ರಲ್ಲೇ 1,800 ಡಾಲರಿಗೆ ಕೊಂಡರು. ಪೊಲಾಕ್ ಥರದ ಅಮೂರ್ತ ಕಲೆಯ ದೊಡ್ಡ ಬೆಂಬಲಿಗರೇ ಕೊಂಡಿದ್ದಾರೆ ಅಂದ್ಮೇಲೆ ಸ್ವಲ್ಪ ಯೋಚಿಸಿ. ಆ ಎರಡು ಚಿತ್ರಗಳ ಮೇಲ್ಮೈಯನ್ನೇ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಸಾವಿರಾರು ತೆಳು ಗೆರೆ ಒಂದರ ಮೇಲೊಂದು ಹೆಣೆದು ಇಡೀ ಜಾಗ ತುಂಬಿದೆ. ಪೊಲಾಕ್ ಅಲ್ಲಿಗೇ ನಿಲ್ಲಿಸಿದ. ವೈಯೆತ್ ಅದರೊಳಗೆ ಒಬ್ಬ ಮನುಷ್ಯಳನ್ನು ಕೂರಿಸಿದ.

1977ರಲ್ಲಿ ಒಂದು ಕಲಾ ಪತ್ರಿಕೆ, ಶತಮಾನದಲ್ಲಿ ಯೋಗ್ಯತೆಗಿಂತ ಅತಿ ಹೆಚ್ಚು ಹೊಗಳಿಸಿಕೊಂಡ ಕಲಾವಿದ ಯಾರು, ಯೋಗ್ಯತೆಗಿಂತ ಅತಿ ಕಡಿಮೆ ಮನ್ನಣೆ ಸಿಕ್ಕವ ಯಾರು ಅಂತ ಕೇಳಿದಾಗ, ಕಲಾ ಇತಿಹಾಸಕಾರ ರಾಬರ್ಟ್ ರೋಸನ್‌ಬ್ಲಮ್ ಎರಡಕ್ಕೂ ವೈಯೆತ್ ಹೆಸರನ್ನೇ ಹೇಳಿದರು. ಈ ಜಗಳ ಹಳೇದು.

ಮಲೆನಾಡಮಳೆ
ಕಥೆ ಹೇಳೋನು ಸೇರಿಸ್ತಾ ಹೋಗ್ತಾನೆ. ವೈಯೆತ್ ತೆಗೀತಾ ಹೋದ. ಹಳೇಸೇತುವೆಯವರೇ, ‘ಗ್ರೌಂಡ್‌ಹಾಗ್ ಡೇ’ (1959) ನೋಡಿ, ಫಿಲಡೆಲ್ಫಿಯಾ ಮ್ಯೂಸಿಯಂನಲ್ಲಿದೆ. ವೈಯೆತ್‌ನ ನೆರೆಯ ರೈತ ಕುರ್ನರ್ ಅವರ ಅಡುಗೆಮನೆ. ಕಿಟಕಿ ಪಕ್ಕ ಮೇಜು, ಒಂದು ತಟ್ಟೆ, ಕಪ್ಪು, ಚಾಕು. ಗೋಡೆಯ ಹೂಕಾಗದದ ಮೇಲೆ ಓರೆಯಾಗಿ ಬಿದ್ದ ಬಿಸಿಲು. ಹೊರಗೆ ಕಡಿದು ಬಿಸಾಕಿದ ಮರದ ದಿಮ್ಮಿ, ಅಷ್ಟೆ.

ಅದರ ಮೊದಮೊದಲ ರೇಖಾಚಿತ್ರಗಳಲ್ಲಿ ಆ ಮನೆಯ ಅನ್ನಾ ಕುರ್ನರ್ ಇದ್ದರು, ನಾಯಿಯೂ ಇತ್ತು. ಒಂದೊಂದಾಗಿ ತೆಗೆದ. ನಾಯಿಯ ಹಲ್ಲು ಹೊರಗಿನ ದಿಮ್ಮಿಯ ಚೂಪು ಸೀಳಿಗೆ ಹೋಯ್ತು. ಆ ಸೀಳು ಕಿಟಕಿಯೊಳಗೆ ನೇರ ನಮ್ಮ ಕಡೆ ಮುಖ ಮಾಡಿದೆ. ಪ್ರಶಾಂತವಾದ ಅಡುಗೆಮನೆ, ಆದರೂ ಏನೋ ಕಚ್ಚೋಕೆ ಬಂದ ಹಾಗೆ. ಇದನ್ನು ಕಥೆಪುಸ್ತಕದ ಚಿತ್ರ ಅನ್ನೋಕಾಗಲ್ಲ.

ಹಳೇಸೇತುವೆ
ನಾಯಿಯ ವಿಷಯ ಗೊತ್ತಿರಲಿಲ್ಲ. ಅದನ್ನು ಒಪ್ತೀನಿ. ಆದರೆ ‘ಕ್ರಿಸ್ಟೀನಾ’ದಲ್ಲಿ ಕರುಣೆ ಹೆಚ್ಚಾಯ್ತು ಅನ್ನೋ ಮಾತು ಬಿಡೋದಿಲ್ಲ.

ಮಾಳಮಡ್ಡಿ
ಕರುಣಾ ಬೇಕಿದ್ರ ಮಾರಿ ತೋರಸ್ತಿದ್ದ ರೀ. ಬೆನ್ನು ತೋರ್ಸ್ಯಾನ. ಬೆರಳು ನೆಲಕ್ಕ ಊರಿದ್ದು ನೋಡ್ರಿ, ಗಂಟಿನಿಂದ ಬಿಚ್ಚಿಕೊಂಡು ಗಾಳಿಗೆ ಹಾರಿದ ಕೂದಲೆಳಿ ನೋಡ್ರಿ. ಆಕಿ ಯಾರನ್ನೂ ಬೇಡಾಕತ್ತಿಲ್ಲ. ಮನಿಗೆ ಹೊಂಟಾಳ.

ತೆರೆದಕಿಟಕಿ
ರೈಲುಹಳಿ ಪಕ್ಕದ ಒಂಟಿ ಮನೆ ಚಿತ್ರವೂ ಇವರದ್ದೇ ಅಲ್ವಾ?

ರೇಖಾಗಣಿತ
ಅಲ್ಲ, ಅದು ಎಡ್ವರ್ಡ್ ಹಾಪರ್ 1925ರಲ್ಲಿ ಬರೆದದ್ದು, ಎಣ್ಣೆಬಣ್ಣ. ಇಬ್ಬರೂ ಅಮೆರಿಕದ ವಾಸ್ತವವಾದಿಗಳು, ಇಬ್ಬರಿಗೂ ಒಂಟಿ ಮನೆ ಇಷ್ಟ, ಹಾಗಾಗಿ ಕಲಸಿಹೋಗುತ್ತೆ. ಹಾಪರ್‌ನಲ್ಲಿ ಬೆಳಕು ದೊಡ್ಡ ದೊಡ್ಡ ತುಂಡಾಗಿ ಬೀಳುತ್ತೆ. ವೈಯೆತ್‌ನಲ್ಲಿ ಗೆರೆಗೆರೆಯಾಗಿ ನೇಯ್ದಿರುತ್ತೆ.

ತೆರೆದಕಿಟಕಿ
ಸರಿ ಸರಿ, ಧನ್ಯವಾದ. ಹಾಗಾದರೆ ವೈಯೆತ್‌ನಲ್ಲಿ ‘ಕ್ರಿಸ್ಟೀನಾ’ ಬಿಟ್ಟು ಮೊದಲು ಯಾವುದು ನೋಡಬೇಕು?

ಮಲೆನಾಡಮಳೆ
‘ವಿಂಡ್ ಫ್ರಮ್ ದ ಸೀ’, 1947. ಅದೇ ಓಲ್ಸನ್ ಮನೆಯ ಮೇಲಿನ ಕೋಣೆ. ಬಹಳ ದಿನ ಮುಚ್ಚಿದ್ದ ಕಿಟಕಿ ತೆರೆದಾಗ ಸಮುದ್ರದ ಗಾಳಿಗೆ ಹಳೇ ಬಲೆಪರದೆ ಉಬ್ಬಿ ಒಳಗೆ ಬಂದದ್ದು. ಪರದೆಯಲ್ಲಿ ಹೆಣೆದ ಹಕ್ಕಿಗಳಿವೆ, ಅಂಚು ಹರಿದಿದೆ. ಅಳತೆ ಸುಮಾರು 47 × 70 ಸೆಂ.ಮೀ., ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಗಾಳಿಯನ್ನು ಬರೆಯೋದು ಹೇಗೆ ಅಂತ ಯಾರಾದರೂ ಕೇಳಿದರೆ ಇದನ್ನು ತೋರಿಸಿ.

ಅದಾದ ಮೇಲೆ ‘ವಿಂಟರ್ 1946’. ಚಳಿಗಾಲದ ಬೋಳು ಗುಡ್ಡ, ಒಬ್ಬ ಹುಡುಗ ಇಳಿಜಾರಲ್ಲಿ ತಡವರಿಸಿಕೊಂಡು ಓಡಿ ಬರ್ತಿದ್ದಾನೆ, ಅವನ ಒಂದು ಕೈ ಎಲ್ಲಿಗೂ ಸೇರದ ಹಾಗೆ ತೇಲ್ತಿದೆ. 1945ರ ಅಕ್ಟೋಬರಿನಲ್ಲಿ ಆ ಗುಡ್ಡದ ಆಚೆಬದಿಯ ರೈಲ್ವೆ ಕ್ರಾಸಿಂಗಿನಲ್ಲಿ ಅಪ್ಪ ಎನ್.ಸಿ. ವೈಯೆತ್ ಮತ್ತು ಜೊತೆಗಿದ್ದ ಪುಟ್ಟ ಮೊಮ್ಮಗ ತೀರಿಕೊಂಡರು. ಅಪ್ಪನ ಚಿತ್ರವನ್ನು ಆಂಡ್ರೂ ಬರೆದಿರಲಿಲ್ಲ. ಆ ಗುಡ್ಡವನ್ನೇ ಅಪ್ಪನ ಭಾವಚಿತ್ರ ಅಂತ ಭಾವಿಸಿ ಬರೆದರು. ಅಪ್ಪ ಹೋದಮೇಲಿನ ಚಿತ್ರಗಳಿಗೂ ಮುಂಚಿನವಕ್ಕೂ ಇರೋ ವ್ಯತ್ಯಾಸ ಯಾರಿಗಾದರೂ ಕಾಣುತ್ತೆ.

ಕುಂಚಮಿತ್ರ
ಸುಣ್ಣಬಣ್ಣ ಸರ್, ಹಲಗೆ ಮಾಡೋದು ಪೂರ್ತಿ ಹೇಳ್ತೀರಾ? ಹಾರ್ಡ್‌ಬೋರ್ಡ್ ಸಿಗುತ್ತೆ.

ಸುಣ್ಣಬಣ್ಣ
ಹೇಳ್ತೀನಿ. 4ರಿಂದ 6 ಮಿ.ಮೀ. ದಪ್ಪದ ಹಾರ್ಡ್‌ಬೋರ್ಡ್ ತಗೊಳ್ಳಿ, ಎಣ್ಣೆ ಕುಡಿಸಿದ್ದು ಬೇಡ, ಅಂಟು ಹಿಡಿಯಲ್ಲ. ಅಭ್ಯಾಸಕ್ಕೆ 20 × 25 ಸೆಂ.ಮೀ. ಸಾಕು. ನುಣ್ಣಗಿರೋ ಮುಖವನ್ನು ಸ್ಯಾಂಡ್ ಪೇಪರಿನಿಂದ ಸ್ವಲ್ಪ ಒರಟು ಮಾಡಿ, ಧೂಳು ಒರೆಸಿ.

ಅಂಟು: ಮೊಲದ ಚರ್ಮದ ಅಂಟು ಒಣಪುಡಿ 70 ಗ್ರಾಂ, 1 ಲೀಟರ್ ನೀರು. ಸಣ್ಣ ಹಲಗೆಗೆ 14 ಗ್ರಾಂಗೆ 200 ಮಿ.ಲೀ. ಲೆಕ್ಕ. ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ. ಕುದಿಸಲೇಬಾರದು, 60 ಡಿಗ್ರಿ ದಾಟಿದರೆ ಅಂಟಿನ ಬಲ ಹೋಗುತ್ತೆ. ಈ ಅಂಟುನೀರನ್ನು ಹಲಗೆಯ ಹಿಂದೆ, ಮುಂದೆ, ಅಂಚಿಗೆ ಎಲ್ಲ ಕಡೆ ಒಂದು ಸಲ ಬಳಿದು ಒಣಗಿಸಿ.

ಜೆಸ್ಸೊ: ಉಳಿದ ಅಂಟುನೀರು ಒಂದು ಅಳತೆಗೆ ಜರಡಿ ಹಿಡಿದ ಸೀಮೆಸುಣ್ಣದ ಪುಡಿ ಸುಮಾರು ಒಂದೂವರೆ ಅಳತೆ. ಪುಡಿಯನ್ನು ಮೆಲ್ಲಗೆ ಉದುರಿಸಿ, ತಾನಾಗಿ ಮುಳುಗಲು ಬಿಡಿ. ಹಾಲಿನ ಕೆನೆಯಷ್ಟು ತೆಳ್ಳಗಿರಬೇಕು. ಜೋರಾಗಿ ಕಲಕಿದರೆ ಗುಳ್ಳೆ ಬರುತ್ತೆ, ಆ ಗುಳ್ಳೆಯೇ ಆಮೇಲೆ ಸೂಜಿತೂತು. ಮೊದಲ ಕೋಟು ಬೆರಳಿನಿಂದ ತಿಕ್ಕಿ ಹಚ್ಚಿ. ನಂತರ ಅಗಲ ಕುಂಚದಲ್ಲಿ 6ರಿಂದ 8 ಕೋಟು, ಒಂದು ಅಡ್ಡ, ಒಂದು ಉದ್ದ. ಹೊಳಪು ಹೋಗಿ ಮಂಕಾದ ಕೂಡಲೇ ಮುಂದಿನದು. ಎಲ್ಲ ಒಂದೇ ದಿನ ಮುಗೀಬೇಕು. ಹಲಗೆ ಸೊಟ್ಟ ಆಗದಿರಲು ಹಿಂಬದಿಗೂ ಎರಡು ಮೂರು ಕೋಟು ಹಚ್ಚಿ.

ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಆಮೇಲೆ 220, ಕೊನೆಗೆ 400 ನಂಬರಿನ ಸ್ಯಾಂಡ್ ಪೇಪರ್. ಮುಟ್ಟಿದರೆ ಮೊಟ್ಟೆಯ ಚಿಪ್ಪಿನ ಹಾಗಿರಬೇಕು.

ಬಿರುಕು ಬಂದರೆ ಅಂಟು ಹೆಚ್ಚಾಗಿದೆ, ಇಲ್ಲವೇ ಫ್ಯಾನಿಗೋ ಬಿಸಿಲಿಗೋ ಹಿಡಿದು ಬೇಗ ಒಣಗಿಸಿದ್ದೀರಿ ಅಂತ ಅರ್ಥ.

ನೀಲಿಶಾಯಿ
ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಬಹುದಾ? ಮೈಸೂರು ಶೈಲಿ ಚಿತ್ರಕ್ಕೆ ಮಾಡೋ ಜೆಸ್ಸೊ ಆಗುತ್ತಾ?

ಸುಣ್ಣಬಣ್ಣ
ಪ್ಲಾಸ್ಟರನ್ನು ನೇರ ಹಾಕಿದರೆ ಪಾತ್ರೆಯಲ್ಲೇ ಕಲ್ಲಾಗುತ್ತೆ, ಬೇಡ. ಮೈಸೂರು ಶೈಲಿಯ ಜೆಸ್ಸೊ ಮಕ್ಕಿ (ಹಳದಿ ಮರಗೋಂದು), ಸಫೇದ (ಬಿಳಿ ಪುಡಿ) ಬೆರೆಸಿದ್ದು. ಅದು ಒಡವೆ, ಕಂಬ, ಪ್ರಭಾವಳಿಯನ್ನು ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸೋಕೆ. ಹೆಸರು ಒಂದೇ, ಕೆಲಸ ಬೇರೆ. ಹಲಗೆಯ ತಳಕ್ಕೆ ಬಳಸಬೇಡಿ.

ಮಲೆನಾಡಮಳೆ
ಮೊಲದ ಅಂಟು ಸಿಗದಿದ್ದರೆ ಬಡಗಿಗಳ ಮರವಜ್ರ?

ಸುಣ್ಣಬಣ್ಣ
ಅದೂ ಪ್ರಾಣಿ ಅಂಟೇ, ನಡೆಯುತ್ತೆ. ಆದರೆ ಬಲ ಒಂದೊಂದು ಕಡೆ ಒಂದೊಂದು ಥರ. ಫ್ರಿಜ್ಜಿನಲ್ಲಿಟ್ಟು ನೋಡಿ. ಮೆತ್ತಗಿನ ಜೆಲ್ಲಿ ಥರ ಹೆಪ್ಪುಗಟ್ಟಿ, ಬೆರಳಿಂದ ಒತ್ತಿದರೆ ಒಡೆಯಬೇಕು. ರಬ್ಬರಿನ ಹಾಗೆ ಪುಟಿದರೆ ನೀರು ಸೇರಿಸಿ. ಮಲೆನಾಡಲ್ಲಿ ಮಳೆಗಾಲಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ, ಅಂಟಿಗೂ ಹಳದಿಗೂ ಬೂಷ್ಟು ಹಿಡಿಯುತ್ತೆ. ಮುಗಿದ ಚಿತ್ರವನ್ನೂ ಗೋಡೆಗೆ ಒತ್ತಿ ತೂಗುಹಾಕದೆ ಹಿಂದೆ ಗಾಳಿ ಆಡೋಕೆ ಜಾಗ ಬಿಡಿ, ಗಾಜು ಬಣ್ಣಕ್ಕೆ ತಾಗದಿರಲಿ.

ಕುಂಚಮಿತ್ರ
ಹಳದಿ ಎಷ್ಟು, ಬಣ್ಣ ಎಷ್ಟು?

ಸುಣ್ಣಬಣ್ಣ
ಹಳದಿಯನ್ನು ಚೀಲದ ಸಮೇತ ಬೇರೆ ಮಾಡಿ, ಅಂಗೈಯಿಂದ ಅಂಗೈಗೆ ಹೊರಳಿಸುತ್ತಾ ಪ್ರತಿ ಸಲ ಕೈ ಒರೆಸಿಕೊಳ್ಳಿ. ಬಿಳಿ ಲೋಳೆ ಪೂರ್ತಿ ಹೋಗಬೇಕು, ಉಳಿದರೆ ಬಣ್ಣ ಬೇಗ ಬಿರಿಯುತ್ತೆ. ಆಮೇಲೆ ಹಳದಿಯನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ಹಿಡಿದು, ಕೆಳಗೆ ಸೂಜಿ ಚುಚ್ಚಿ. ಒಳಗಿನದು ಬಟ್ಟಲಿಗೆ ಇಳಿಯುತ್ತೆ, ಚೀಲ ಕೈಯಲ್ಲುಳಿಯುತ್ತೆ, ಅದನ್ನು ಬಿಸಾಕಿ. ಬಟ್ಟಲಿಗೆ ಒಂದು ಚಮಚ ಡಿಸ್ಟಿಲ್ಡ್ ವಾಟರ್ ಹಾಕಿ ಕಲಸಿ.

ಪುಡಿಬಣ್ಣವನ್ನು ಮೊದಲು ಬರೀ ನೀರಲ್ಲಿ ಗಾಜಿನ ಮೇಲೆ ಅರೆದು ಪೇಸ್ಟ್ ಮಾಡಿ. ಪೇಸ್ಟು ಒಂದು ಪಾಲು, ಹಳದಿ ಒಂದು ಪಾಲು. ಇದು ಆರಂಭದ ಅಳತೆ ಮಾತ್ರ, ಬಣ್ಣಬಣ್ಣಕ್ಕೂ ಬದಲಾಗುತ್ತೆ. ಖಚಿತ ಮಾಡ್ಕೊಳ್ಳೋಕೆ ಗಾಜಿನ ಚೂರಿಗೆ ಒಂದು ಗೆರೆ ಬಳಿದು ಮಾರನೇ ದಿನ ಬ್ಲೇಡಿನಿಂದ ಕೆರೆಯಿರಿ. ಈರುಳ್ಳಿ ಸಿಪ್ಪೆ ಥರ ಪಟ್ಟಿಯಾಗಿ ಬಂದರೆ ಸರಿ. ಪುಡಿಯಾದರೆ ಹಳದಿ ಕಡಿಮೆ. ಜಿಡ್ಡುಜಿಡ್ಡಾಗಿ ಮಿರಮಿರ ಮಿಂಚಿದರೆ ಹಳದಿ ಜಾಸ್ತಿ.

ನಾಟಿ ಕೋಳಿ ಮೊಟ್ಟೆ ಗಾಢ ಹಳದಿ ಅಂತ ಹೆದರಬೇಡಿ, ಆ ಹಳದಿಛಾಯೆ ಕೆಲವು ದಿನದಲ್ಲಿ ಮಾಸಿಹೋಗುತ್ತೆ.

ಹಳೇಸೇತುವೆ
ಇಷ್ಟು ಕಷ್ಟ ಯಾಕೆ? ಎಣ್ಣೆಬಣ್ಣದಲ್ಲಿ ಇದೇ ಹುಲ್ಲು ಬರೆಯಬಹುದಲ್ಲ.

ರೇಖಾಗಣಿತ
ಬರೆಯಬಹುದು, ಆದರೆ ಇದೇ ಹುಲ್ಲು ಆಗಲ್ಲ. ಎಣ್ಣೆ ಗಂಟೆಗಟ್ಟಲೆ ಹಸಿಯಾಗಿರುತ್ತೆ, ಅಂಚು ಕಲಸಿ ಮೆತ್ತಗೆ ಮಾಡಬಹುದು. ಟೆಂಪೆರಾ ಕ್ಷಣದಲ್ಲಿ ಒಣಗುತ್ತೆ, ಕಲಸೋಕೆ ಸಮಯವೇ ಇಲ್ಲ. ನೆರಳಿಂದ ಬೆಳಕಿಗೆ ಹೋಗಬೇಕಾದರೆ ಗೆರೆ ಪಕ್ಕ ಗೆರೆ ಹಾಕುತ್ತಲೇ ಹೋಗಬೇಕು. ಅದಕ್ಕೇ ವೈಯೆತ್‌ನ ಎಲ್ಲ ವಸ್ತುವೂ, ಹುಲ್ಲಾಗಲಿ ಗೋಡೆಯಾಗಲಿ ಕೆನ್ನೆಯಾಗಲಿ, ಒಣಗಿದ ಹಾಗೆ ಕಾಣೋದು. ಎಣ್ಣೆಯ ಹೊಳಪೂ ಇಲ್ಲ. ಆ ಒಣತನ ವಿಷಯಕ್ಕೂ ಮಾಧ್ಯಮಕ್ಕೂ ಒಟ್ಟಿಗೇ ಸೇರಿದ್ದು. ಈ ಮಾಧ್ಯಮವನ್ನು ಅವನಿಗೆ ಪರಿಚಯ ಮಾಡಿಸಿದ್ದು ಭಾವ ಪೀಟರ್ ಹರ್ಡ್, ಅವರೂ ಚಿತ್ರಕಾರರೇ.

ತೆರೆದಕಿಟಕಿ
ನೆರೆಯವಳಾದ ಹೆಲ್ಗಾ ಅನ್ನೋ ಹೆಂಗಸನ್ನು ವೈಯೆತ್ ಬರೆದ ಚಿತ್ರಗಳು ಟೆಂಪೆರಾನಾ? ಹೆಂಡತಿಗೂ ಗೊತ್ತಿಲ್ಲದೆ ಬರೆದದ್ದು ಅಂತಾರಲ್ಲ.

ಮಲೆನಾಡಮಳೆ
1971ರಿಂದ 1985ರವರೆಗೆ ಬರೆದ 240ಕ್ಕೂ ಹೆಚ್ಚು ಕೃತಿಗಳು, 1986ರಲ್ಲಿ ಹೊರಬಂದವು. ಪೆನ್ಸಿಲ್, ಜಲವರ್ಣ, ಡ್ರೈಬ್ರಷ್ ಹೆಚ್ಚು, ಟೆಂಪೆರಾ ಕೆಲವೇ. ಗುಟ್ಟಿನ ಮಾತು ಪತ್ರಿಕೆಗಳಿಗೆ ಹಬ್ಬವಾಯ್ತು, ಚಿತ್ರಗಳ ಮಾತು ಹಿಂದೆ ಬಿತ್ತು. ಡ್ರೈಬ್ರಷ್ ಕಲಿಯೋರಿಗೆ ಅವುಗಳಲ್ಲಿನ ಡ್ರೈಬ್ರಷ್ ಚಿತ್ರಗಳೇ ಪಾಠ. ಜಲವರ್ಣದಲ್ಲಿ ಅದ್ದಿದ ಕುಂಚವನ್ನು ಬೆರಳಲ್ಲಿ ಹಿಂಡಿ, ನೀರೆಲ್ಲ ತೆಗೆದು, ಕೂದಲು ಬಿಡಿಬಿಡಿಯಾದಾಗ ಕಾಗದದ ಮೇಲೆ ಎಳೆಯೋದು. ಒಂದು ಎಳೆತಕ್ಕೆ ಐದಾರು ಎಳೆ ಬೀಳುತ್ತೆ.

ಬ್ರಾಂಡಿವೈನ್_ಕನ್ನಡಿಗ
ಅಮೆರಿಕದಲ್ಲಿರೋರಿಗೆ: ಪೆನ್ಸಿಲ್ವೇನಿಯಾದ ಚಾಡ್ಸ್ ಫೋರ್ಡಿನಲ್ಲಿ ಬ್ರಾಂಡಿವೈನ್ ಮ್ಯೂಸಿಯಂ ಇದೆ, ಡೆಲವೇರಿನ ವಿಲ್ಮಿಂಗ್ಟನ್ನಿಂದ ಕಾರಲ್ಲಿ ಅರ್ಧ ಗಂಟೆಯೊಳಗೆ. ಅಪ್ಪ ಎನ್.ಸಿ., ಮಗ ಆಂಡ್ರೂ, ಮೊಮ್ಮಗ ಜೇಮೀ ಮೂವರ ಕೆಲಸವೂ ಅಲ್ಲಿದೆ. ಚಿತ್ರದ ಎದುರು ನೇರ ನಿಲ್ಲಬೇಡಿ, ಪಕ್ಕಕ್ಕೆ ಸರಿದು ಓರೆ ಬೆಳಕಲ್ಲಿ ಮೇಲ್ಮೈ ನೋಡಿ. ಮುದ್ರಣದಲ್ಲಿ ಸಪಾಟಾಗಿ ಕಾಣೋ ಜಾಗದಲ್ಲಿ ಪದರದ ಮೇಲೆ ಪದರ ಕಾಣುತ್ತೆ. ಕುಶಿಂಗಿನ ಓಲ್ಸನ್ ಮನೆ ರಾಕ್‌ಲ್ಯಾಂಡಿನ ಫಾರ್ನ್ಸ್‌ವರ್ತ್ ಮ್ಯೂಸಿಯಂಗೆ ಸೇರಿದ್ದು, ತೆರೆದಿದೆಯೋ ಇಲ್ಲವೋ ಕೇಳಿಕೊಂಡೇ ಹೋಗಿ. 2009ರಲ್ಲಿ ತೀರಿಕೊಂಡ ವೈಯೆತ್ ಸಮಾಧಿ ಅಲ್ಲೇ ಓಲ್ಸನ್ನರ ಸ್ಮಶಾನದಲ್ಲಿ, ಕ್ರಿಸ್ಟೀನಾ ಹತ್ತಿರ ಇದೆ.

ಮಾಳಮಡ್ಡಿ
ಆಕಿ ಹತ್ರನ ಮಲಗ್ಯಾನ. ಇದು ಗೊತ್ತಿದ್ದಿಲ್ಲ ರೀ.

ಕುಂಚಮಿತ್ರ
ಹೊಸ ಹಲಗೆ ಒಣಗೋಕೆ ಇಟ್ಟಿದೀನಿ. ಗಾಜಿನ ಪರೀಕ್ಷೆ ಫಲಿತಾಂಶ: ಯೆಲ್ಲೋ ಓಕರ್ (ಮಣ್ಣುಹಳದಿ) ಸಿಪ್ಪೆಯಾಗಿ ಬಂತು. ಬರ್ಂಟ್ ಅಂಬರ್ (ಗಾಢ ಕಂದು) ಸಮಪಾಲು ಹಾಕಿದ್ದರೂ ಪುಡಿ. ಹುಲ್ಲಿಗೆ ಯಾವುದರಿಂದ ಶುರು ಮಾಡಲಿ?

ಸುಣ್ಣಬಣ್ಣ
ಅಂಬರ್ ಹೆಚ್ಚು ಹಳದಿ ಕುಡಿಯೋ ಬಣ್ಣ. ಪೇಸ್ಟು ಒಂದಕ್ಕೆ ಹಳದಿ ಒಂದೂವರೆ ಹಾಕಿ ಮತ್ತೆ ಗಾಜಿಗೆ ಬಳಿಯಿರಿ. ಸಿಪ್ಪೆ ಬರೋವರೆಗೆ ಹಲಗೆ ಮುಟ್ಟಬೇಡಿ.

ಶುರು ಮಾಡೋದು ಗಾಢದಿಂದ. ಅಂಬರ್ ಮತ್ತು ಓಕರ್ ಬೆರೆಸಿ, ನೀರು ಸೇರಿಸಿ, ಅಗಲ ಕುಂಚದಲ್ಲಿ ಇಡೀ ಜಾಗಕ್ಕೆ ತೆಳ್ಳಗೆ ಹಾಸಿ. ಒಣಗಿದ ಮೇಲೆ 1 ಅಥವಾ 2 ನಂಬರಿನ ದುಂಡು ಸೇಬಲ್ ಕುಂಚ. ಅದ್ದಿ, ಬಟ್ಟೆಗೆ ಒತ್ತಿ, ಹನಿ ಉಳಿಯದಂತೆ ಹಿಂಡಿ. ರಾ ಸಿಯೆನ್ನಾದಲ್ಲಿ (ಹಳದಿಮಿಶ್ರಿತ ಕಂದು) ಬುಡದಿಂದ ತುದಿಗೆ ಎಳೆಯಿರಿ, ತುದಿಯಲ್ಲಿ ಕೈ ಹಗುರ ಮಾಡಿ. ಹಸಿ ಗೆರೆ ಮೇಲೆ ಮತ್ತೆ ಗೆರೆ ಬೇಡ, ಹಲಗೆಯ ಇನ್ನೊಂದು ಮೂಲೆಗೆ ಹೋಗಿ ಅಲ್ಲಿ ಕೆಲಸ ಮಾಡಿ ವಾಪಸ್ ಬನ್ನಿ. ಅದರ ಮೇಲೆ ಓಕರಿಗೆ ಬಿಳಿ ಸೇರಿಸಿದ ತಿಳಿ ಗೆರೆ, ಹತ್ತರಲ್ಲಿ ಮೂರು ಎಲೆಗೆ ಮಾತ್ರ. ನಡುನಡುವೆ ಇಡೀ ಜಾಗಕ್ಕೆ ತೆಳು ಸಿಯೆನ್ನಾ ನೀರು ಹಾಯಿಸಿ, ಬಿಡಿ ಗೆರೆಗಳು ಒಂದಾಗುತ್ತವೆ. ಮತ್ತೆ ಅದರ ಮೇಲೆ ಗೆರೆ.

ಕುಂಚಮಿತ್ರ
ಎಷ್ಟು ಪದರ?

ಸುಣ್ಣಬಣ್ಣ
ಅಂಗೈಯಗಲಕ್ಕೆ ಹದಿನೈದು ಇಪ್ಪತ್ತಾದರೂ ಆಗುತ್ತೆ. ಬುಡದ ಗಾಢ ಬಣ್ಣ ಅಲ್ಲಲ್ಲಿ ಇಣುಕ್ತಾ ಇರೋವಾಗಲೇ ನಿಲ್ಲಿಸಿ.